ಒಡಪು ಹಾಕಿ ಹೇಳ್ರಿ

ಗಂಡ ರಸ್ತೆಯ ಹಂಪ್ ಹತ್ತಿಸುವಾಗ ಗಾದ್ರಮ್ಮ ಬೈಕಿನಿಂದ ಬಿದ್ದಿದ್ದರು. ಸವಳಂಗದ ನಮ್ಮ ಚಿಕ್ಕ ಆಸ್ಪತ್ರೆಯಲ್ಲಿ ಅವರ ತಲೆಯ ಗಾಯಕ್ಕೆ ಹೊಲಿಗೆ ಹಾಕಿ ಮುಗಿದಿತ್ತು.

"ಶಿವಮೊಗ್ಗಕ್ಕೆ ಮಾತ್ರ ಕಳಿಸಬ್ಯಾಡ್ರಿ ಸಿಸ್ಟರ್. ಅಲ್ಲಿ ತಲೆ ಬಿಚ್ತಾರಂತೆ," ಎಂದರು.

ಡಾಕ್ಟರ್ ಸಾಯಿಮಾ ಟಾರ್ಚ್ ಆರಿಸಿದರು. "ಕಣ್ಣು, ಕೈಕಾಲು ಸರಿ ಇವೆ. ಸಿಸ್ಟರ್, ನೆನಪು ಸರಿ ಇದೆಯಾ ಅಂತ ನೀವು ಪ್ರಶ್ನೆ ಕೇಳಿ. ಉತ್ತರ ತಪ್ಪಿದರೆ ಸ್ಕ್ಯಾನ್‌ಗೆ ಕಳಿಸಲೇಬೇಕು."

ನಾನು ಡಬ್ಲಿನ್‌ನಲ್ಲಿ ನರ್ಸ್ ಆಗಿದ್ದಾಗ ದಿನವೂ ಕೇಳುತ್ತಿದ್ದ ಪ್ರಶ್ನೆಗಳು. ಗಾದ್ರಮ್ಮ ಊರು ಹೇಳಿದರು, ವಾರ ಹೇಳಿದರು.

"ಯಜಮಾನರ ಹೆಸರು?"

ಗೋಡೆ ನೋಡಿದರು. ಮತ್ತೆ ಕೇಳಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾಯಿಮಾ ಆಂಬುಲೆನ್ಸಿಗೆ ಫೋನ್ ಮಾಡಲು ಎದ್ದರು.

ಆ ಸೆರಗು ನೋಡಿ ನಮ್ಮ ಡಬ್ಲಿನ್ ಅಡುಗೆಮನೆ ನೆನಪಾಯಿತು. ನಾನು ಅಲ್ಲಿನ ನರ್ಸಿಂಗ್ ಪರೀಕ್ಷೆಗೆ ಓದುವಾಗ ನನ್ನ ಗಂಡ ಸಿದ್ದೇಶ್ ಸೌಟು ಹಿಡಿದು ನರ್ಸ್ ಆಗುತ್ತಿದ್ದ, ನಾನು ರೋಗಿ. "ಗಂಡನ ಹೆಸರು?" ಎಂದಾಗ ನಾನು ಟವೆಲನ್ನೇ ಸೆರಗಿನಂತೆ ಹೊದ್ದು, ಗಂಡನ ಹೆಸರೆತ್ತದ ಅವನ ಅಜ್ಜಿಯ ಹಾಗೆ ನಾಚುತ್ತಿದ್ದೆ. ಸಾರು ಉಕ್ಕುವವರೆಗೂ ನಗು.

"ಡಾಕ್ಟರೇ, ಒಂದು ನಿಮಿಷ," ಎಂದೆ. "ಅಮ್ಮಾ, ಬರೀ ಹೆಸರು ಬೇಡ. ಒಡಪು ಹಾಕಿ ಹೇಳ್ರಿ."

"ಹಂಗೆ ಕೇಳ್ಬೇಕವ್ವ! ಗಂಡನ ಹೆಸರು ಸುಮ್ನೆ ಬಾಯ್ಬಿಟ್ಟು ಹೇಳಾಕೆ ಆಗ್ತೈತಾ?" ಗಾದ್ರಮ್ಮ ಎದ್ದು ಕೂರಲು ನೋಡಿದರು. ನಾನು ಬಿಡಲಿಲ್ಲ. ಮಲಗಿಕೊಂಡೇ ಹೇಳಿದರು:

"ಹೊನ್ನಾಳಿ ಹೊಳೆ ದಂಡೆಗೆ ಹಸಿರು ಹುಲ್ಲು,
ಬೈಕ್ ಬೀಳಿಸಿದ ತಿಪ್ಪೇಶಪ್ಪಗೆ ಎಲ್ಡೇ ಹಲ್ಲು!"

ಬಾಗಿಲಲ್ಲಿ ನಿಂತಿದ್ದ ತಿಪ್ಪೇಶಪ್ಪ ಆ ಎರಡನ್ನೂ ತೋರಿಸಿದರು. "ನಾನೆಲ್ಲಿ ಬೀಳಿಸ್ದೆ? ಹಂಪ್ ಬಂತು, ಗಟ್ಟಿ ಹಿಡ್ಕ ಅಂದೆ. ಇವ್ಳು ತರಕಾರಿ ಚೀಲ ಹಿಡ್ಕಂಡ್ಳು!"

ಸಾಯಿಮಾ ನಗುತ್ತಾ ಫೋನ್ ಜೇಬಿಗಿಟ್ಟರು. "ಇಲ್ಲೇ ಇರಲಿ. ಅರ್ಧ ಗಂಟೆಗೊಮ್ಮೆ ಕೇಳ್ತಾ ಇರಿ."

ಕೇಳಿದಾಗಲೆಲ್ಲ ಹೊಸ ಒಡಪು. ಸಂಜೆ ಗಾದ್ರಮ್ಮ ತಿರುಗಿಬಿದ್ದರು. "ನನ್ನೊಬ್ಬಳನ್ನೇ ಕೇಳ್ತೀಯಲ್ಲ. ನಿಮ್ಮನೆಯೋರ ಹೆಸರು ಹೇಳು, ನೋಡಾನ."

ಸಿದ್ದೇಶ್ ತೀರಿಕೊಂಡ ಮೇಲೆ ನಾನು ಊರಿಗೆ ಮರಳಿದೆ. ಮನೆಯಲ್ಲಿ ಯಾರೂ ನನ್ನೆದುರು ಆ ಹೆಸರು ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ.

ಮದುವೆಯಾಗಿ ಬಂದ ದಿನ, ಚನ್ನಗಿರಿಯಲ್ಲಿ, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ನಾದಿನಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವತ್ತು ಹೇಳಿದ್ದು ನಾಲಿಗೆಯ ಮೇಲೇ ಇತ್ತು.

"ಚನ್ನಗಿರಿ ಬಸ್ಸಿಗೆ ಕಿಟಕಿ ಎಂಟು,
ಸಿದ್ದೇಶ್ ಪಕ್ಕದ ಸೀಟು ನನಗೇ ಉಂಟು."

"ಭಾಳ ಚೆನ್ನಾಗೈತೆ," ಎಂದರು ಗಾದ್ರಮ್ಮ. "ಇನ್ನೊಂದ್ಸಲ ಹೇಳವ್ವ."

ಹೇಳಿದೆ.