ಹನ್ನೆರಡನೆಯ ಮೈಲಿಯ ನೀರು

ಅಣುಸ್ಥಾವರದ ತಂಪುನೀರಿನ ತೊಟ್ಟಿ ಬಿರಿದು, ವಿಕಿರಣ ಬೆರೆತ ನೀರು ಕಡಲಿಗೆ ಹರಿದ ಮೇಲೆ, ಆ ಕಡಲನ್ನು ಶುದ್ಧಗೊಳಿಸುವ ಸುಲಭೋಪಾಯವೊಂದನ್ನು ನಿರ್ದೇಶಕರು ಕಂಡುಹಿಡಿದರು. ಸ್ಥಾವರದ ಗೋಡೆಯ ಬುಡದಲ್ಲಿ ತುಂಬಿದ ಶೀಷೆಯ ನೀರು ಸುರಕ್ಷಿತ ಮಿತಿಯ ನಲವತ್ತು ಪಟ್ಟು ವಿಕಿರಣ ತೋರಿಸಿತು. "ಸ್ವಲ್ಪ ಆಚೆ ತುಂಬಿಸಿ" ಎಂದರು. ಎರಡನೆಯ ಮೈಲಿಯಲ್ಲಿ ಒಂಬತ್ತು ಪಟ್ಟು. "ಇನ್ನೂ ಸ್ವಲ್ಪ ಆಚೆ" ಎಂದರು. ಹಾಲಾಹಲ ಉಕ್ಕಿದಾಗ ಪರಶಿವನು ಅದನ್ನು ಕಂಠದಲ್ಲಿ ಧರಿಸಬೇಕಾಯಿತು. ಪಾಪ, ಶೀಷೆಯನ್ನು ದೂರ ಸರಿಸುವ ವಿದ್ಯೆ ಆತನಿಗೆ ತಿಳಿದಿರಲಿಲ್ಲ. ಹನ್ನೆರಡನೆಯ ಮೈಲಿಯಲ್ಲಿ ಕಡಲು ನಿರ್ಮಲವಾಯಿತು.

ಉಳಿದದ್ದು ಶುದ್ಧತೆಯ ಪ್ರಮಾಣಪತ್ರಕ್ಕೆ ಪ್ರಯೋಗಾಲಯದ ಪರೀಕ್ಷಕಿಯ ಸಹಿ ಮಾತ್ರ. ಅದು ಬಿದ್ದರೆ ಮರುದಿನವೇ ಮೀನುಗಾರರು ಬಲೆ ಬೀಸಬಹುದು. ಅವಳ ಅಣ್ಣನೂ ಮೀನುಗಾರನೇ. ಆರು ವಾರದಿಂದ ಕಟ್ಟಿಹಾಕಿದ್ದ ಅವನ ಚಿಕ್ಕ ದೋಣಿ ಎಂದೂ ಎರಡು ಮೈಲಿ ದಾಟಿದ್ದಲ್ಲ.

ಬೆಳಗ್ಗೆಯೇ ಅವನು ಪ್ರಯೋಗಾಲಯದ ಕಿಟಕಿಗೆ ಬಂದು ನಿಂತ.

"ಏನೇ, ಒಂದು ಗೀಟು ಎಳೆಯೋಕೆ ಇಷ್ಟು ಹೊತ್ತಾ? ಮಹಾರಾಣಿಗೆ ಪೆನ್ನು ಭಾರವಾ?"

"ಅಣ್ಣ, ನೀನು ಬಲೆ ಹಾಕೋ ಕಡೆ ನೀರು ಕೆಟ್ಟಿದೆ. ಆ ಮೀನು ಮೊದಲು ತಿನ್ನೋದು ನಿನ್ನ ಮಕ್ಕಳೇ."

"ಮೀನೇ ಇಲ್ದಿದ್ರೆ ನಿಮ್ಮತ್ತಿಗೆ ಏನು ಬೇಯಿಸ್ತಾಳೆ, ನಿನ್ನ ಶೀಷೆನಾ? ನಿಮ್ಮ ಸಾಹೇಬರೇ ಕಡಲು ಚೊಕ್ಕ ಅಂತಿದಾರೆ!"

"ಅವರ ಕಡಲು ದೂರ ಇದೆ."

"ನಿನ್ನ ಒಗಟು ನೀನೇ ಇಟ್ಕೋ. ಸಹಿ ಹಾಕು" ಎಂದು ಅವನು ದೋಣಿಗೆ ಬಲೆ ಹೇರಲು ಹೊರಟುಹೋದ.

ಅಷ್ಟರಲ್ಲಿ ನಿರ್ದೇಶಕರು ಒಳಬಂದರು. "ಇನ್ನೂ ಆಗಿಲ್ವೇನಮ್ಮ?"

"ಸರ್, ನೀರು ಎಲ್ಲಿ ತುಂಬಿದ್ದು ಅಂತ ಇದ್ರಲ್ಲಿ ಬರೆದೇ ಇಲ್ಲ."

"ಕಡಲಲ್ಲಿ ತುಂಬಿದ್ದಮ್ಮ! ಬಾವೀಲಿ ತುಂಬಿದ್ವಾ?"

ಅವಳು ಪೆನ್ನು ಎತ್ತಿಕೊಂಡಳು. ಕೆಳಗೆ ಖಾಲಿ ಉಳಿದಿದ್ದ ಜಾಗದಲ್ಲಿ ದುಂಡಗೆ ಬರೆದಳು: 'ಈ ಶುದ್ಧತೆ ಹನ್ನೆರಡನೆಯ ಮೈಲಿಯ ನೀರಿಗೆ ಮಾತ್ರ. ಎರಡನೆಯ ಮೈಲಿಯಲ್ಲಿ ವಿಕಿರಣ ಮಿತಿಯ ಒಂಬತ್ತು ಪಟ್ಟಿದೆ.' ಅದರಡಿ ಸಹಿ ಮಾಡಿದಳು. ಇಪ್ಪತ್ತು ವರ್ಷಗಳ ಸೇವೆಯಲ್ಲಿ ನಿರ್ದೇಶಕರು ಯಾವ ಕಾಗದದಲ್ಲೂ ಸಹಿಯ ಹೊರತು ಬೇರೇನನ್ನೂ ಓದಿದವರಲ್ಲ. ಸಂತುಷ್ಟರಾಗಿ, ಛಾಯಾಗ್ರಾಹಕರ ಸಮ್ಮುಖದಲ್ಲಿ, ಸ್ವಹಸ್ತದಿಂದಲೇ ಅದನ್ನು ಬಂದರಿನ ಫಲಕಕ್ಕೆ ಅಂಟಿಸಿದರು.

ಮೀನುಗಾರರಿಗೆ ಕೊನೆಯವರೆಗೂ ಓದುವ ದುರಭ್ಯಾಸವಿತ್ತು. ಅಣ್ಣ ಎರಡು ಸಲ ಓದಿದ. ತಂಗಿಯನ್ನು ಬಾಯ್ತುಂಬ ಬೈದ. ಬೈಯುತ್ತಲೇ ಹೇರಿದ್ದ ಬಲೆಯನ್ನು ಇಳಿಸಿ, ಹೆಗಲಿಗೇರಿಸಿಕೊಂಡು ಮನೆಗೆ ನಡೆದ.

ಮರುದಿನ ಒಂದು ದೋಣಿಯೂ ಕದಲಲಿಲ್ಲ. ನಿರ್ದೇಶಕರು ಮೇಲಿನವರಿಗೆ ವಿಷಾದದಿಂದ ವರದಿ ಕಳುಹಿಸಿದರು: 'ಕಡಲು ಸಂಪೂರ್ಣ ಚೇತರಿಸಿಕೊಂಡಿದೆ. ಜನರು ಮಾತ್ರ ಸೋಮಾರಿಗಳಾಗಿದ್ದಾರೆ.'