ಸೇತುವೆಗೆ ಒಂಬತ್ತು ನಿಮಿಷ

ವಿಮಾನಕ್ಕೆ ಇಬ್ಬರಿಗೂ ಸೇರಿ ಐದು ತಿಂಗಳ ಪಿಂಚಣಿ. ಮೂರು ರಾತ್ರಿ ತಂಗಲು ಒಂದೂವರೆ ತಿಂಗಳದ್ದು. ಊಟ, ವೀಸಾ, ಬೆಚ್ಚನೆಯ ಕೋಟು ಎಲ್ಲ ಕೂಡಿದರೆ ಎಂಟು ತಿಂಗಳು ಗಾಳಿ ಕುಡಿದು ಬದುಕಬೇಕು. ನಿವೃತ್ತ ಬಸ್ ಚಾಲಕ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಆಯ್ತು, ಹೋಗೋಣ" ಎಂದ.

ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕೈ ನಿಂತಿತು. ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ನಿಂತೇ ದುಡಿದವಳು; ಇದಕ್ಕೆ ಮೊದಲು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಆ ಕೋಣೆಯ ಗೋಡೆಯಲ್ಲಿ ಹಳೆಯದೊಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಯುರೋಪಿನ ಪುರಾತನ ನಗರವೊಂದರ ಚಿತ್ರ: ಹೊಳೆ, ಕಲ್ಲಿನ ಸೇತುವೆ, ಅದರ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಒಬ್ಬ ಹೆಂಗಸು. ವರ್ಷಗಳು ಕಳೆದರೂ ಆ ಹಾಳೆಯನ್ನು ಯಾರೂ ಮಗುಚಿರಲಿಲ್ಲ.

"ಆ ಸೇತುವೆ ಮೇಲೆ ಹೋಗಿ ಕೂತ್ಕೋಬೇಕು ಕಣ್ರೀ. ಅಷ್ಟೇ."

"ಅಷ್ಟು ದುಡ್ಡು ಸುರಿದು ಕೂತ್ಕೊಂಡು ಬರೋದಾ? ಮನೇಲಿ ಕುರ್ಚಿ ಇಲ್ವಾ?" ಅವನು ನಕ್ಕ. ಅವಳೂ ನಕ್ಕಳು.

ಮಗಳು ಟಿಕೆಟ್ ತೆಗೆದಳು. ನೋಡುವ ಜಾಗಗಳ ಪಟ್ಟಿಯನ್ನೂ ತಂದುಕೊಟ್ಟಳು. ಮೂವತ್ತೊಂದು ವರ್ಷ ವೇಳಾಪಟ್ಟಿ ನೋಡಿಯೇ ಉಸಿರಾಡಿದವನ ಕೈಗೆ ಅದು ಸಿಕ್ಕರೆ ಕೇಳಬೇಕೆ? ಮೂರು ದಿನ, ಮೂವತ್ತೆಂಟು ಜಾಗ. ಅರಮನೆಗೆ ನಲವತ್ತು ನಿಮಿಷ, ಗಡಿಯಾರದ ಗೋಪುರಕ್ಕೆ ಹನ್ನೆರಡು, ಸೇತುವೆಗೆ ಏಳು. ಕೊಟ್ಟ ಕಾಸಿಗೆ ಒಂದು ಕಲ್ಲೂ ತಪ್ಪಬಾರದು.

ಹೊಸ ಮಾರ್ಗ ಶುರುವಾಗುವ ಮೊದಲು ಖಾಲಿ ಬಸ್ ಓಡಿಸಿ ಸಮಯ ಹಿಡಿಯುವುದು ಅವನ ಕಸುಬಿನ ಪದ್ಧತಿ. ಅದನ್ನೇ ಇಲ್ಲೂ ಹೂಡಿದ. ಪ್ರತಿ ಭಾನುವಾರ ಬೆಳಗ್ಗೆ ಹೆಂಡತಿಯನ್ನು ಹೊರಡಿಸಿದ. ಅಂಚೆ ಕಚೇರಿಯೇ ಅರಮನೆ, ಔಷಧಿ ಅಂಗಡಿಯೇ ಗೋಪುರ, ಚರಂಡಿ ದಾಟುವ ಸಿಮೆಂಟ್ ಹಾಸೇ ಸೇತುವೆ.

ಮೂರನೆಯ ಭಾನುವಾರ ಅವಳು ಒಂದು ಕಿಟಕಿಯ ಮುಂದೆ ನಿಂತಳು. ಒಳಗೆ ಬೆಕ್ಕೊಂದು ಹೊಲಿಗೆ ಯಂತ್ರದ ಮೇಲೆ ಮೈಚಾಚಿ ಮಲಗಿತ್ತು.

"ನಡಿ, ನಾಲ್ಕು ನಿಮಿಷ ಲೇಟು!"

"ನಾನೇನು ನಿಮ್ಮ ಬಸ್ಸಿಗೆ ಟಿಕೆಟ್ ತಗೊಂಡಿದೀನಾ? ಬೆಕ್ಕು ನೋಡಿದ್ರೆ ಅರಮನೆ ಓಡಿಹೋಗುತ್ತಾ?"

"ಅಲ್ಲೂ ಹೀಗೇ ನಿಂತ್ರೆ ಹನ್ನೊಂದು ಜಾಗ ಕೈಬಿಡಬೇಕಾಗುತ್ತೆ."

"ಬಿಡಿ. ಹೋದ್ರೆ ಹೋಗ್ಲಿ."

"ತಲೆ ನೆಟ್ಟಗಿದೆಯಾ ನಿಂಗೆ?" ಎಂದ ಅವನು, ಬೀದಿಯೆಲ್ಲ ಕೇಳುವಂತೆ. ಪ್ರಯಾಣಿಕರನ್ನು ಗದರುತ್ತಿದ್ದ ದನಿಯೇ. ಅವಳು ಬಿರಬಿರನೆ ಮುಂದೆ ನಡೆದಳು. ಸರಿಯಾದ ಹೊತ್ತಿಗೆ ಗೋಪುರ ತಲುಪಿದ್ದಕ್ಕೆ ಅವನು ಚೀಟಿಯಲ್ಲಿ ಗುರುತು ಹಾಕಿಕೊಂಡ.

ಆ ವಾರವೇ ವೀಸಾಕ್ಕೆಂದು ಮಗಳು ಇಬ್ಬರ ಪಾಸ್‌ಪೋರ್ಟ್ ಕೇಳಿದಳು. ತಾಯಿ, "ನಂದು ಬೇಡ ಕಣೇ. ಅಪ್ಪ ಹೋಗಿ ಬರ್ಲಿ" ಎಂದಳು.

"ಯಾಕಮ್ಮಾ, ಕಾಲು ನೋವಾ?"

"ಕಾಲು ಚೆನ್ನಾಗಿದೆ."

ಚಾಲಕನಿಗೆ ಮೊದಲು ತಮಾಷೆ ಅನ್ನಿಸಿತು, ಆಮೇಲೆ ಗಾಬರಿಯಾಯಿತು. ಚೀಟಿ ಬಿಚ್ಚಿ, ಪೆನ್ಸಿಲ್ ತೆಗೆದು, ಅವಳೆದುರೇ ಏಳನ್ನು ಹೊಡೆದುಹಾಕಿದ. "ನೋಡು, ಸೇತುವೆಗೆ ಒಂಬತ್ತು ಮಾಡಿದೀನಿ. ಬೇಕಾದ್ರೆ ಗೋಪುರದಿಂದ ಮೂರು ಕಿತ್ತು ಹನ್ನೆರಡು ಮಾಡ್ತೀನಿ. ಸಾಕಾ?"

ಅವಳು ಚೀಟಿಯನ್ನು ನೋಡಲಿಲ್ಲ, ಅವನ ಮುಖ ನೋಡಿದಳು. "ಇಪ್ಪತ್ತೇಳು ವರ್ಷ ಗಂಟೆ ಹೊಡೆದಾಗ ನಿಂತೆ, ಗಂಟೆ ಹೊಡೆದಾಗ ಉಂಡೆ. ಅಷ್ಟು ದೂರ ಹೋಗಿ ಇನ್ನೊಬ್ರು ಎಣಿಸಿಕೊಟ್ಟ ನಿಮಿಷ ಕೂರೋಕೆ ನಂಗೆ ಆಸೆ ಇಲ್ಲ ಕಣ್ರೀ." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ಹೇಗಾದರೂ ಸಮಾಧಾನ ಮಾಡುತ್ತಿದ್ದ.

ಚೀಟಿ ಹರಿದು ಹಾಕಬಹುದಿತ್ತು. ಕೈಯಲ್ಲೇ ಇತ್ತು. ಆದರೆ ಮೂವತ್ತೆಂಟು ಜಾಗ, ವಾರಗಟ್ಟಲೆಯ ಶ್ರಮ. ಬೆಳಗಾದರೆ ಅವಳೇ ಸರಿಹೋಗುತ್ತಾಳೆಂದು ಮಡಚಿ ಜೇಬಿಗಿಟ್ಟ. ಬೆಳಗಾಯಿತು, ಹತ್ತು ಬೆಳಗಾದವು, ವೀಸಾದ ಗಡುವೂ ಮುಗಿಯಿತು. ಆಮೇಲೆ, "ಪಟ್ಟಿ ಬೇಡ, ಬರೀ ಸೇತುವೆಗೇ ಹೋಗೋಣ" ಎಂದ. ಅವಳು ಬಟ್ಟೆ ಮಡಚುತ್ತಾ, "ಆ ಆಸೆ ಹೋಯ್ತು ಬಿಡಿ" ಎಂದಳು.

ಟಿಕೆಟ್ಟಿನ ದುಡ್ಡಲ್ಲಿ ಅರ್ಧ ವಾಪಸ್ಸು ಬಂತು. ಮದುವೆಯಾದ ಮೇಲೆ ಅವಳು ಅವನನ್ನು ಬಾಯಿಬಿಟ್ಟು ಕೇಳಿದ್ದು ಆ ಸೇತುವೆಯೊಂದನ್ನೇ. ಮತ್ತೆ ಏನನ್ನೂ ಕೇಳಲಿಲ್ಲ.