ಕೊಂಬೆಯ ತುದಿಗೆ ಹೋದವರು

ಮರ ಸವರುವ ತಂಡದ ಮೇಸ್ತ್ರಿಗೆ ಒಂದು ಚಟ. ದಿನಕ್ಕೊಂದು ಇಂಗ್ಲಿಷ್ ನುಡಿಗಟ್ಟು ಹೇಳಿಕೊಡದೆ ಅವರಿಗೆ ಬೆಳಗಿನ ಟೀ ಗಂಟಲಲ್ಲಿ ಇಳಿಯದು. ಅವತ್ತೂ ಶುರು ಹಚ್ಚಿಕೊಂಡರು.

"ಗೋ ಔಟ್ ಆನ್ ಎ ಲಿಂಬ್. ಅಂದ್ರೆ ಕೊಂಬೆ ತುದಿಗೆ ಹೋಗೋದು. ಬೊಡ್ಡೆ ಹತ್ರ ಇದ್ದೋನಿಗೆ ಭಯ ಇಲ್ಲ. ಮುಂದೆ ಹೋದಷ್ಟೂ ಕೊಂಬೆ ಸಣ್ಣ, ಹಿಡ್ಕೊಳ್ಳೋಕೆ ಏನೂ ಇರಲ್ಲ. ಮರ ಹತ್ತೋರಿಂದ ಹುಟ್ಟಿದ ಮಾತಂತೆ. ಈಗ, ಯಾರ ಬೆಂಬಲಾನೂ ಇಲ್ದೆ ಒಂದು ಮಾತಾಡಿ ಸಿಕ್ಕಿಹಾಕ್ಕೊಳ್ತಾನಲ್ಲ, ಅವನಿಗೂ ಹೀಗೇ ಅಂತಾರೆ."

"ಅವನೇ ಯಾಕೆ ಸಾರ್? ಅವಳು ಹೋಗಲ್ವಾ?" ಎಂದಳು ಗುಬ್ಬಿ, ಪೊರಕೆಯ ಹಿಡಿಗೆ ಗಲ್ಲ ಊರಿ.

"ನೀನು ಎಲೆ ಗುಡಿಸು."

ಕೆಲಸಕ್ಕೆ ಸೇರಿದಾಗಿನಿಂದ ಗುಬ್ಬಿ ಗುಡಿಸಿದ್ದೇ ಗುಡಿಸಿದ್ದು. ಹೆಂಗಸರು ನೆಲದ ಮೇಲೆ ಅನ್ನೋದು ಮೇಸ್ತ್ರಿಯ ಕಾನೂನು. ಅವಳ ಕಣ್ಣು ಮಾತ್ರ ಮೇಲೆ. ಊಟವಾಗಿ ಎಲ್ಲರೂ ಗೊರಕೆ ಹೊಡೆಯುವಾಗ ಮೈದುನನ ಸೇಫ್ಟಿ ಬೆಲ್ಟ್ ಕಟ್ಟಿಕೊಂಡು ಮರ ಹತ್ತುವುದು ಅವಳ ಗುಟ್ಟು. ಆ ಮೈದುನನೇ ತಂಡದ ಏರಾಳು, ಅಂದರೆ ಮರ ಹತ್ತಿ ಕುಯ್ಯುವವನು. ಮರಕ್ಕೆ ಕಚ್ಚಿಕೊಂಡರೆ ಬಿಡದವನೆಂದು ಅವನಿಗೆ ಉಡ ಅಂತಲೇ ಹೆಸರು. ಮದುವೆಯಾದ ಮೇಲೆ ಉಡ ಚೆನ್ನಾಗಿ ಉಬ್ಬಿದ್ದ.

ಅವತ್ತಿನ ಕೊಂಬೆ ಫೋಟೋ ಸ್ಟುಡಿಯೋದ ಗಾಜಿನ ಮಾಡಿನ ಮೇಲೆ ಚಾಚಿತ್ತು. ಬುಡ ಕತ್ತರಿಸುವ ಮುಂಚೆ ತುದಿಗೆ ಹಗ್ಗ ಕಟ್ಟಿ, ಮೇಲೆ ಕೊಂಬೆ ಕವಲೊಡೆದ ಕವೆಯಲ್ಲಿ ಹಾಯಿಸಿ, ಕೆಳಗಿನಿಂದ ಹಿಡಿದಿರಬೇಕು. ಇಲ್ಲದಿದ್ದರೆ ಮಾಡು ಪುಡಿಪುಡಿ. ಉಡ ಅರ್ಧ ಹೋಗುವಷ್ಟರಲ್ಲೇ ಕೊಂಬೆ ನರಳಿತು.

"ಅತ್ತಿಗೆ, ನನ್ ಕೈಲಾಗಲ್ಲ!" ಎಂದು ವಾಪಸ್ ಬಂದು ಬುಡದ ಕವೆಯಲ್ಲಿ ಕೂತ.

"ಹಗುರ ಇರೋರು ಬೇಕು," ಎಂದರು ಮೇಸ್ತ್ರಿ. ತಂಡದವರೆಲ್ಲ ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು. ಗುಬ್ಬಿ ಮೇಸ್ತ್ರಿಯನ್ನೇ ನೋಡಿದಳು.

"ಹಾಗೆ ನೋಡ್ಬೇಡ. ನಿನ್ನ ಹತ್ತಿಸಿದ್ರೆ ನಮಗೆ ಕೆಲಸ ಕೊಟ್ಟಿರೋ ಸಾಹೇಬ್ರು ನನ್ನ ಸಿಗಿದು ತೋರಣ ಕಟ್ತಾರೆ."

"ಹಾಗಾದ್ರೆ ನೀವೇ ಹೋಗಿ ಸಾರ್. ತುದಿ ಅರ್ಥ ಗೊತ್ತಿರೋದು ನಿಮಗೊಬ್ರಿಗೇ."

ನಗು ಭುಗಿಲೆದ್ದಿತು. ಮೇಸ್ತ್ರಿ ರೋಷದಿಂದ ಚೀಲದಲ್ಲಿದ್ದ ಇನ್ನೊಂದು ಬೆಲ್ಟ್ ಎಳೆದುಕೊಂಡರು. ಅದು ಅವರ ಹೊಟ್ಟೆಯನ್ನು ಪ್ರದಕ್ಷಿಣೆ ಮಾಡಲಾರದೆ ಅರ್ಧದಲ್ಲೇ ನಿಂತಿತು. ಅವರು ಅದರೊಡನೆ ಗುದ್ದಾಡುತ್ತಿದ್ದಾಗ ಉಡ ತನ್ನ ಬೆಲ್ಟನ್ನು ಮೆಲ್ಲಗೆ ಕೆಳಗಿಳಿಸಿದ. ಅವರು ತಲೆಯೆತ್ತುವ ಹೊತ್ತಿಗೆ ಗುಬ್ಬಿ ಕವೆ ದಾಟಿಯಾಗಿತ್ತು.

"ಏಯ್, ಇಳಿಯೇ!"

ಅವಳು ಹೊಟ್ಟೆಯ ಮೇಲೆ ತೆವಳುತ್ತ ಮುಂದೆ ಸಾಗಿದಳು. ಕೊಂಬೆ ತೂಗಿತು. ಗಾಜಿನಲ್ಲಿ ಅವಳದೇ ಮುಖ ಕೆಳಗಿನಿಂದ ಅವಳನ್ನು ನೋಡುತ್ತಿತ್ತು, ಅದಕ್ಕೂ ಬಾಯಿ ಒಣಗಿದಂತಿತ್ತು. ಮೇಲಿನ ಕವೆಯಲ್ಲಿ ಹಾಯಿಸಿ ತಂದ ಹಗ್ಗವನ್ನು ತುದಿಗೆ ಸುತ್ತಿ ಎಳೆದಳು, ಗಂಟು ಭದ್ರವಾಗಿ ಬಿತ್ತು.

"ಕಟ್ಟಿದ್ದಾಯ್ತಲ್ಲ, ಇಳಿ ತಾಯಿ!"

"ಇಳಿದ್ರೆ ಮತ್ತೆ ಎಲೇನೇ ತಾನೇ ಸಾರ್? ನಾಳೆಯಿಂದ ನಾನೆಲ್ಲಿ, ಅದನ್ನ ಮೊದ್ಲು ಹೇಳಿ."

ಆಗಲೇ ಬರಬೇಕೇ ಸಾಹೇಬರ ಕಾರು! ಕಿಟಕಿ ಇಳಿಯಿತು. "ಯಾರ್ರೀ ಅದು ಮೇಲೆ? ಯಾರು ಹತ್ತಿಸಿದ್ದು?"

ಮೇಸ್ತ್ರಿ ಹಿಂದೆ ತಿರುಗಿದರು. ತಂಡ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದಿತ್ತು. ಮೇಲೆ ನೋಡಿದರು. ಗುಬ್ಬಿ ಕೊಂಬೆಯನ್ನು ತಬ್ಬಿ ಅವರನ್ನೇ ನೋಡುತ್ತಿದ್ದಳು. ತಾನಾಗೇ ಹತ್ತಿದಳೆಂದರೆ ಇವತ್ತೇ ಅವಳ ಕೆಲಸ ಹೋಗುತ್ತಿತ್ತು.

"ನಾನೇ ಸಾರ್," ಎಂದರು ಮೇಸ್ತ್ರಿ, ಬೆವರೊರೆಸಿಕೊಳ್ಳುತ್ತ. "ನಮ್ಮ ಹೊಸ ಏರಾಳು. ಇವಳಷ್ಟು ಹಗುರ, ಇವಳಷ್ಟು ಗಟ್ಟಿ ನಮ್ಮಲ್ಲಿ ಬೇರೆ ಯಾರೂ ಇಲ್ಲ."

"ಗಾಜು ಒಡೆದ್ರೆ ನಿಮ್ಮ ತಲೆ," ಎಂದರು ಸಾಹೇಬರು. ಕಾರು ಅಲ್ಲೇ ನಿಂತಿತು.

ಗುಬ್ಬಿ ತೆವಳಿ ಬೊಡ್ಡೆಗೆ ಬಂದು ಕೈ ಚಾಚಿದಳು. ಉಡ ಗರಗಸ ಕೊಟ್ಟ.

"ಸಾರ್, ಕುಯ್ತೀನಿ! ಹಗ್ಗ ಬಿಗಿ ಹಿಡೀರಿ. ಸಡಿಲ ಬಿಟ್ರೆ ನೋಡಿ ಮತ್ತೆ!"

"ಆಯ್ತು ಕಣಮ್ಮಾ," ಎಂದು ಮೇಸ್ತ್ರಿ ಎರಡೂ ಅಂಗೈಗೆ ಮಣ್ಣು ಸವರಿಕೊಂಡು ಹಗ್ಗ ಹಿಡಿದರು.